ಗಂಟೆ ನಿಂತ ಚರ್ಚಿನಲ್ಲಿ ಸಂಸಾರ

ಯುರೋಪಿನಲ್ಲಿ ಭಕ್ತರಿಲ್ಲದೆ ಬಾಗಿಲು ಮುಚ್ಚಿದ ಹಳೆಯ ಚರ್ಚುಗಳು ಒಂದೊಂದಾಗಿ ಖಾಸಗಿ ಮನೆಗಳಾಗುತ್ತಿವೆ. ಗೋಡೆ, ಗೋಪುರ ಉಳಿದುಕೊಳ್ಳುತ್ತವೆ. ಅವುಗಳ ಜೊತೆಗೆ ಇನ್ನೇನೇನು ಉಳಿಯಬೇಕು?

ನೆದರ್ಲೆಂಡ್ಸಿನ ಉಟ್ರೆಕ್ಟ್ ನಗರದಲ್ಲಿ ಸೇಂಟ್ ಜಾಕೋಬಸ್ ಎಂಬ ಚರ್ಚೊಂದಿದೆ. ಕಟ್ಟಿದ್ದು 1870ರಲ್ಲಿ. ಹಳೆಯ ಗಾಥಿಕ್ ಶೈಲಿಗೆ ಯುರೋಪಿನಲ್ಲಿ ಮತ್ತೆ ಮೋಹ ಹುಟ್ಟಿದ್ದ ಕಾಲವದು. ಬಲಿಪೂಜೆ ನಿಂತ ಮೇಲೆ ಕೆಲಕಾಲ ಹಳೆಯ ಪೀಠೋಪಕರಣಗಳ ಮಳಿಗೆಯಾಗಿತ್ತು. ಸಭೆಗಳಿಗೆ, ಸಣ್ಣ ಸಂಗೀತ ಕಛೇರಿಗಳಿಗೆ ಜಾಗ ಕೊಡುತ್ತಿತ್ತು. 2009ರ ಹೊತ್ತಿಗೆ ಝೆಕ್ ಎಂಬ ವಾಸ್ತುಶಿಲ್ಪ ಸಂಸ್ಥೆ ಅದನ್ನು ಒಂದು ಸಂಸಾರ ವಾಸಿಸುವ ಮನೆಯಾಗಿ ಮಾರ್ಪಡಿಸಿತು.

ಬೀದಿಯಲ್ಲಿ ನಿಂತು ನೋಡಿದವರಿಗೆ ಇವತ್ತಿಗೂ ಅದು ಚರ್ಚೇ. ಒಳಗೆ ಕಾಲಿಟ್ಟರೆ ಎತ್ತರದ ಕಮಾನುಗಳ ಕೆಳಗೆ ಅಪ್ಪಟ ಬಿಳಿ ಬಣ್ಣದ ಇನ್ನೊಂದು ರಚನೆ ಕಾಣುತ್ತದೆ. ಮಲಗುವ ಕೋಣೆ, ಓದುವ ಕೋಣೆ, ಸ್ನಾನದ ಮನೆ ಎಲ್ಲವೂ ಅದರೊಳಗೇ ಇವೆ. ಈ ಬಿಳಿ ರಚನೆ ಹಳೆಯ ಕಂಬಗಳಿಂದಲೂ ಹೊರಗೋಡೆಗಳಿಂದಲೂ ಅಂತರ ಕಾಯ್ದುಕೊಂಡು ನಿಂತಿದೆ. ನಡುನಡುವೆ ಬಿಟ್ಟ ತೆರಪಿನಿಂದ ಕೆಳಗೆ ಕುಳಿತವರ ನೋಟ ಚಾವಣಿಯ ತುದಿಯವರೆಗೆ ಹೋಗುತ್ತದೆ. ಭಕ್ತರು ಕುಳಿತಿದ್ದ ಮರದ ಬೆಂಚುಗಳು ಊಟದ ಮೇಜಿನ ಅಕ್ಕಪಕ್ಕಕ್ಕೆ ಬಂದಿವೆ. ಹೊಸದು ಯಾವುದು, ಹಳೆಯದು ಯಾವುದು ಎಂದು ಮಗುವಿಗೂ ಗೊತ್ತಾಗುತ್ತದೆ. ಮುಂದೊಂದು ದಿನ ಈ ಬಿಳಿ ರಚನೆ ಬೇಡವೆನಿಸಿದರೆ ಬಿಚ್ಚಿ ತೆಗೆಯಬಹುದು. 1870ರ ಚರ್ಚು ಹಾಗೇ ಉಳಿದಿರುತ್ತದೆ.

ಚರ್ಚನ್ನು ಮನೆಯಾಗಿಸುವುದು ಸರಿಯೇ ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಈ ಕಟ್ಟಡವನ್ನು. ಮಾಡಬಹುದು, ಆದರೆ ಹೀಗೆ ಮಾಡಬೇಕು.

ಚರ್ಚುಗಳು ಖಾಲಿಯಾದದ್ದು ಹೇಗೆ?

ಯುರೋಪಿನಲ್ಲಿ ಜನ ಚರ್ಚಿಗೆ ಹೋಗುವುದನ್ನು ಬಿಟ್ಟರು ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಮುಗಿಸಿಬಿಡುವುದುಂಟು. ಅದರಲ್ಲಿ ಸತ್ಯವಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2011ರ ಜನಗಣತಿಯಲ್ಲಿ ಶೇ 59.3ರಷ್ಟು ಜನ ತಾವು ಕ್ರೈಸ್ತರೆಂದು ಬರೆಸಿದ್ದರು. 2021ರ ಹೊತ್ತಿಗೆ ಅದು ಶೇ 46.2ಕ್ಕೆ ಇಳಿಯಿತು. ಯಾವ ಧರ್ಮವೂ ಇಲ್ಲ ಎಂದವರು ಶೇ 37.2. ಆದರೆ ಇತಿಹಾಸ ಇನ್ನೂ ಹಿಂದಕ್ಕೆ ಹೋಗುತ್ತದೆ. ಎಷ್ಟೋ ಕಡೆ ಚರ್ಚುಗಳನ್ನು ಕಟ್ಟಿದ್ದೇ ಅಗತ್ಯಕ್ಕಿಂತ ಹೆಚ್ಚಾಗಿ.

ಪೂರ್ವ ಇಂಗ್ಲೆಂಡಿನ ನಾರಿಚ್ ನಗರವನ್ನು ನೋಡಿ. ಮಧ್ಯಯುಗದಲ್ಲಿ ಉಣ್ಣೆ ವ್ಯಾಪಾರದಿಂದ ದುಡ್ಡು ಹರಿದು ಬಂದ ಊರು. ವರ್ತಕರು ಪೈಪೋಟಿಗೆ ಬಿದ್ದವರಂತೆ ಬೀದಿಬೀದಿಗೆ ಚರ್ಚು ಕಟ್ಟಿಸಿದರು. ಹಳೆಯ ಕೋಟೆಗೋಡೆಯ ಒಳಗೆ ಇಂದಿಗೂ ಆ ಕಾಲದ 31 ಚರ್ಚುಗಳು ನಿಂತಿವೆ. ಅವುಗಳಲ್ಲಿ ಬಹುಪಾಲು ಕಡೆ ಈಗ ಆರಾಧನೆ ನಡೆಯುವುದಿಲ್ಲ. ಒಂದರಲ್ಲಿ ಗೊಂಬೆಯಾಟದ ರಂಗಮಂದಿರವಿದೆ, ಇನ್ನೊಂದರಲ್ಲಿ ಕಲಾಕೇಂದ್ರವಿದೆ.

ಸ್ಕಾಟ್ಲೆಂಡಿನ ಕತೆಯೇ ಬೇರೆ. 1843ರಲ್ಲಿ ಅಲ್ಲಿನ ಚರ್ಚು ಒಡೆಯಿತು. ಪಾದ್ರಿಗಳ ನೇಮಕದಲ್ಲಿ ಜಮೀನ್ದಾರರ ಮಾತು ನಡೆಯಕೂಡದು ಎಂದು ಪಟ್ಟು ಹಿಡಿದ 450ಕ್ಕೂ ಹೆಚ್ಚು ಪಾದ್ರಿಗಳು ಹೊರನಡೆದು ಫ್ರೀ ಚರ್ಚ್ ಕಟ್ಟಿಕೊಂಡರು. ಅವರಿಗೆ ಊರೂರಲ್ಲೂ ಹೊಸ ಕಟ್ಟಡ ಬೇಕಾಯಿತು, ಜನ ಕಟ್ಟಿಕೊಟ್ಟರು. 1929ರಲ್ಲಿ ಒಡೆದ ಮನೆಯ ಬಹುಭಾಗ ಮತ್ತೆ ಒಂದಾಯಿತು. ಮನಸ್ಸುಗಳು ಕೂಡಿದವು, ಕಟ್ಟಡಗಳು ಮಾತ್ರ ಹೆಚ್ಚಾಗಿ ಉಳಿದವು. ಒಂದೇ ಬೀದಿಯಲ್ಲಿ ಎರಡು ಮೂರು ಚರ್ಚು. ಕೂರುವವರು ಅರ್ಧ ಚರ್ಚಿಗೂ ಸಾಲದಷ್ಟು.

ವೇಲ್ಸ್‌ನ ಗಣಿಯೂರುಗಳಲ್ಲಿ ಬ್ಯಾಪ್ಟಿಸ್ಟರು, ಮೆಥಡಿಸ್ಟರು, ಕಾಂಗ್ರಿಗೇಷನಲ್ ಪಂಥದವರು ತಮ್ಮ ತಮ್ಮ ಚಾಪೆಲ್‌ಗಳನ್ನು ಬೇರೆ ಬೇರೆಯಾಗಿ ಕಟ್ಟಿಕೊಂಡರು. ಕಲ್ಲಿದ್ದಲು ಗಣಿಗಳು ಮುಚ್ಚಿದವು, ಜನ ಕೆಲಸ ಹುಡುಕಿಕೊಂಡು ಊರು ಬಿಟ್ಟರು, ಚಾಪೆಲ್‌ಗಳಿಗೆ ಬೀಗ ಬಿತ್ತು.

ಬೀಗ ಹಾಕಿದ ಮೇಲೆ ಏನು?

ಇಂಗ್ಲೆಂಡಿನಲ್ಲಿ ಇದಕ್ಕೆಂದೇ ಒಂದು ಕಾನೂನು ಹಾದಿ ಇದೆ. 1968ರ ಪ್ಯಾಸ್ಟೋರಲ್ ಮೆಷರ್ ಎಂಬ ಚರ್ಚು ಕಾನೂನು ಮರುವರ್ಷ ಜಾರಿಗೆ ಬಂತು. ಈಗ ಅದರ ಜಾಗದಲ್ಲಿ 2011ರ ಕಾನೂನಿದೆ. ಚರ್ಚ್ ಆಫ್ ಇಂಗ್ಲೆಂಡಿಗೆ ಸುಮಾರು 16,000 ಚರ್ಚು ಕಟ್ಟಡಗಳಿವೆ. 1969ರಿಂದೀಚೆಗೆ 1,900ಕ್ಕೂ ಹೆಚ್ಚು ಚರ್ಚುಗಳು ಹೀಗೆ ವಿಧಿವತ್ತಾಗಿ ಮುಚ್ಚಿವೆ.

ಮುಚ್ಚಿದ ಚರ್ಚಿಗೆ ಮೂರು ದಾರಿ. ಮೊದಲನೆಯದು, ಹೊಸ ಉಪಯೋಗ. ಇದನ್ನು ಹುಡುಕಲು ಎರಡು ವರ್ಷದವರೆಗೆ ಕಾಲಾವಕಾಶ ಇರುತ್ತದೆ. ಎರಡನೆಯದು, ಕಟ್ಟಡ ಅಪೂರ್ವವಾಗಿದ್ದರೆ ಚರ್ಚಸ್ ಕನ್ಸರ್ವೇಷನ್ ಟ್ರಸ್ಟ್‌ಗೆ ಒಪ್ಪಿಸುವುದು. 1969ರಲ್ಲಿ ಹುಟ್ಟಿದ ಈ ಟ್ರಸ್ಟು 350ಕ್ಕೂ ಹೆಚ್ಚು ಚರ್ಚುಗಳನ್ನು ನೋಡಿಕೊಳ್ಳುತ್ತಿದೆ. ಮೂರನೆಯದು, ಕೆಡವುವುದು. ಟ್ರಸ್ಟಿನ ಕೈಯೂ ಎಲ್ಲವನ್ನೂ ಹಿಡಿಯಲಾರದು. ಹಾಗಾಗಿ ನೂರಾರು ಚರ್ಚುಗಳಿಗೆ ಮೊದಲನೆಯ ದಾರಿಯೇ ಗತಿ, ಅದರಲ್ಲೂ ಹಳ್ಳಿಗಾಡಿನಲ್ಲಿ ಮನೆಯಾಗುವುದೇ ಗತಿ.

ಮಾರಾಟಕ್ಕೆ ಮುನ್ನ ಪವಿತ್ರ ವಸ್ತುಗಳನ್ನು ಗೌರವದಿಂದ ಬೇರೆಡೆಗೆ ಸಾಗಿಸುತ್ತಾರೆ, ಪ್ರತಿಷ್ಠೆಯಿಂದ ಬಂದ ಕಾನೂನು ಬಂಧನಗಳನ್ನು ತೆಗೆಯುತ್ತಾರೆ. ಕ್ರಯಪತ್ರದಲ್ಲಿ ಷರತ್ತುಗಳಿರುತ್ತವೆ: ಕಟ್ಟಡವನ್ನು ಇಂಥದ್ದಕ್ಕಷ್ಟೇ ಬಳಸಬೇಕು, ಸಮಾಧಿಗಳನ್ನು ಕದಲಿಸಬಾರದು, ತಮ್ಮವರ ಸಮಾಧಿ ನೋಡಲು ಬರುವವರಿಗೆ ದಾರಿ ಬಿಡಬೇಕು. ಕ್ಯಾಥೊಲಿಕ್ ಚರ್ಚಿನ ಧರ್ಮಸಂಹಿತೆಯ 1222ನೇ ವಿಧಿಯೂ ಇದನ್ನೇ ಹೇಳುತ್ತದೆ: ಆರಾಧನೆಗೆ ಒದಗದ ಚರ್ಚನ್ನು ಲೌಕಿಕ ಬಳಕೆಗೆ ಬಿಡಬಹುದು, ಹೀನ ಬಳಕೆಗೆ ಬಿಡಕೂಡದು. 2018ರ ನವೆಂಬರಿನಲ್ಲಿ ರೋಮ್‌ನಲ್ಲಿ ವ್ಯಾಟಿಕನ್ ಇದೇ ವಿಷಯಕ್ಕಾಗಿ ಅಂತರರಾಷ್ಟ್ರೀಯ ಸಮಾವೇಶವನ್ನೇ ನಡೆಸಿತು. ಕೈಬಿಟ್ಟ ಚರ್ಚುಗಳ ಚಿಂತೆ ಅಷ್ಟು ದೊಡ್ಡದಾಗಿ ಬೆಳೆದಿದೆ.

ಕೊಂಡವರ ಮುಂದಿನ ಕೆಲಸ

ಆಸ್ತಿ ಮಾರಾಟದ ಚಿತ್ರಗಳಲ್ಲಿ ಚರ್ಚು ಮನಸೂರೆಗೊಳ್ಳುತ್ತದೆ. ಚೂಪು ಕಮಾನಿನ ಕಿಟಕಿಗಳು, ಓಕ್ ಮರದ ತೊಲೆಗಳು, ಸುತ್ತ ಹಸಿರು. ಕೊಂಡ ಮೇಲೆ ಗೊತ್ತಾಗುವುದೇ ಬೇರೆ. ಎಷ್ಟೋ ಹಳ್ಳಿ ಚರ್ಚುಗಳಲ್ಲಿ ಶೌಚಾಲಯವಿಲ್ಲ, ಒಳಚರಂಡಿಯಿಲ್ಲ. ನಲ್ಲಿ ಇದ್ದರೆ ಒಂದು. ವಾರಕ್ಕೊಮ್ಮೆ ಒಂದೆರಡು ಗಂಟೆ ಜನ ಸೇರುತ್ತಿದ್ದ ಕಟ್ಟಡಕ್ಕೆ ಅವು ಬೇಕಿರಲಿಲ್ಲ.

ಕೊಳವೆ ಹಾಕೋಣವೆಂದು ನೆಲ ಅಗೆಯುವಂತಿಲ್ಲ. 19ನೇ ಶತಮಾನದ ಮಧ್ಯದವರೆಗೂ ಊರಿನ ಸ್ಥಿತಿವಂತರನ್ನು ಚರ್ಚಿನ ನೆಲದಡಿಯಲ್ಲೇ ಹೂಳುತ್ತಿದ್ದರು. ಹಾಸುಗಲ್ಲುಗಳ ಮೇಲೆ ಅವರ ಹೆಸರುಗಳಿವೆ, ಕೆಳಗೆ ಅವರಿದ್ದಾರೆ. ಗುದ್ದಲಿ ಹಾಕುವ ಮೊದಲು ಪುರಾತತ್ವಜ್ಞರನ್ನು ಕರೆಸಬೇಕು. ಹೊರಗೆ ಸಮಾಧಿ ಭೂಮಿಯ ಕಡೆಗೆ ಕಟ್ಟಡ ವಿಸ್ತರಿಸುವುದಕ್ಕೆ 1884ರ ಡಿಸ್‌ಯೂಸ್ಡ್ ಬರಿಯಲ್ ಗ್ರೌಂಡ್ಸ್ ಕಾಯಿದೆ ಅಡ್ಡ ನಿಲ್ಲುತ್ತದೆ. ಮಾಡಿನ ಸಂದಿಯಲ್ಲಿ ಬಾವಲಿಗಳಿದ್ದರೆ 1981ರ ವನ್ಯಜೀವಿ ಕಾಯಿದೆ ಅವುಗಳ ಪರ. ಅವು ವಾಸವಿರುವ ಜಾಗವನ್ನು ಪರವಾನಗಿಯಿಲ್ಲದೆ ಮುಟ್ಟುವುದು ಅಪರಾಧ.

ಇದರ ಮೇಲೆ ಪಾರಂಪರಿಕ ಕಟ್ಟಡದ ಅನುಮತಿ ಬೇರೆ. ಆರಾಧನೆ ನಡೆಯುವವರೆಗೆ ಚರ್ಚುಗಳಿಗೆ ಇದರಲ್ಲಿ ವಿನಾಯಿತಿ ಇದೆ, ಚರ್ಚಿನ ಸ್ವಂತ ಮಂಡಳಿಗಳೇ ಮೇಲ್ವಿಚಾರಣೆ ಮಾಡುತ್ತವೆ. ಬಾಗಿಲು ಮುಚ್ಚಿದೊಡನೆ ಆ ವಿನಾಯಿತಿಯೂ ಮುಗಿಯುತ್ತದೆ. ಸಂರಕ್ಷಿತ ಪಟ್ಟಿಯಲ್ಲಿರುವ ಕಟ್ಟಡವಾದರೆ ಅದರ ಸ್ವರೂಪಕ್ಕೆ ಧಕ್ಕೆ ತರುವ ಸಣ್ಣ ಬದಲಾವಣೆಗೂ ಸ್ಥಳೀಯ ಆಡಳಿತದ ಒಪ್ಪಿಗೆ ಬೇಕು. ತೆರಿಗೆಯೂ ವಿಚಿತ್ರವಾಗಿದೆ. ಬ್ರಿಟನ್ನಿನಲ್ಲಿ ಹೊಸ ಮನೆ ಕಟ್ಟುವ ಕೆಲಸಕ್ಕೆ ವ್ಯಾಟ್ ಸೊನ್ನೆ. ವಾಸಕ್ಕಲ್ಲದ ಕಟ್ಟಡವನ್ನು ಮನೆಯಾಗಿಸಿದರೆ ಸಾಮಾನ್ಯವಾಗಿ ಶೇ 5. ಹಳೆಯ ಮನೆಯ ರಿಪೇರಿಗೆ ಶೇ 20. ಹಳೆಯದನ್ನು ಉಳಿಸಿಕೊಳ್ಳುವವರಿಗೇ ಹೆಚ್ಚು ಹೊರೆ ಹೊರಿಸುವ ಈ ಪದ್ಧತಿ ಯಾವ ದೃಷ್ಟಿಯಿಂದಲೂ ನ್ಯಾಯವಲ್ಲ.

ಗೋಡೆಗೆ ಉಸಿರು ಬೇಕು

ಹಳೆಯ ಚರ್ಚಿನ ಗೋಡೆಯನ್ನು ಹತ್ತಿರದಿಂದ ನೋಡಬೇಕು. ಎರಡು ಮೂರು ಅಡಿ ದಪ್ಪ. ಹೊರಗೊಂದು ಕಲ್ಲಿನ ಮುಖ, ಒಳಗೊಂದು ಮುಖ, ನಡುವೆ ಚೂರುಗಲ್ಲು ಮತ್ತು ಸುಣ್ಣದ ಗಾರೆ ತುಂಬಿದ ಹೊಟ್ಟೆ. ಮಳೆ ಬಂದಾಗ ಈ ಗೋಡೆ ಒಂದಿಷ್ಟು ನೀರು ಹೀರುತ್ತದೆ, ಗಾಳಿ ಬೀಸಿದಾಗ ಬಿಟ್ಟುಕೊಡುತ್ತದೆ. ನೀರು ಹೊರಹೋಗುವ ದಾರಿ ಕಲ್ಲಿಗಿಂತ ಹೆಚ್ಚಾಗಿ ಗಾರೆಯ ಸಂದಿ. ಗಾರೆ ಮೆದು, ಸವೆಯುವುದು ಅದರ ಧರ್ಮ. ಶತಮಾನಕ್ಕೊಮ್ಮೆಯೋ ಎರಡು ಸಲವೋ ಗಾರೆಯನ್ನು ಹೊಸದಾಗಿ ತುಂಬಿದರೆ ಕಲ್ಲು ಸಾವಿರ ವರ್ಷ ನಿಲ್ಲುತ್ತದೆ.

20ನೇ ಶತಮಾನದಲ್ಲಿ ಸಂದಿಗಳಿಗೆ ಸಿಮೆಂಟು ತುಂಬುವ ರೂಢಿ ಬಂತು. ಗಟ್ಟಿಯಾಗಿರುತ್ತದೆ ಎಂಬ ನಂಬಿಕೆ. ಬೆವರುವ ಮೈಗೆ ಪ್ಲಾಸ್ಟಿಕ್ ಅಂಗಿ ತೊಡಿಸಿದಂತಾಯಿತು. ಸಿಮೆಂಟಿನ ಮೂಲಕ ಹೊರಬರಲಾರದ ನೀರು ಕಲ್ಲಿನೊಳಕ್ಕೆ ತಿರುಗಿತು. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿ ಹಿಗ್ಗಿದಾಗ ಕಲ್ಲಿನ ಮುಖ ಪದರ ಪದರವಾಗಿ ಉದುರಿತು. ಇಂಥ ಗೋಡೆಯಲ್ಲಿ ಸಿಮೆಂಟಿನ ಗೀರು ಹೊರಗೆ ಉಬ್ಬಿ ನಿಂತು, ಕಲ್ಲು ಒಳಗೆ ಸವೆದು ಹೋಗಿರುವುದು ಕಣ್ಣಿಗೇ ಕಾಣುತ್ತದೆ. ನಮ್ಮಲ್ಲೂ ಹಳೆಯ ದೇವಸ್ಥಾನ, ತೊಟ್ಟಿಮನೆಗಳ ಗಾರೆ ಕೆರೆದು ಸಿಮೆಂಟು ಬಳಿದವರು ಇದೇ ಪೆಟ್ಟು ಕೊಟ್ಟಿದ್ದಾರೆ.

ಆದ್ದರಿಂದ ತಿಳಿದವರು ಮೊದಲು ಸಿಮೆಂಟನ್ನು ನಾಜೂಕಾಗಿ ಬಿಡಿಸಿ ಮತ್ತೆ ಸುಣ್ಣದ ಗಾರೆ ತುಂಬಿಸುತ್ತಾರೆ. ಮಾಡಿನ ನೀರು ಹರಿಯುವ ದೋಣಿಗಳನ್ನು ಸರಿಪಡಿಸುತ್ತಾರೆ. ಆಮೇಲಷ್ಟೇ ಒಳಗಿನ ಕೆಲಸ. ನೆಲಕ್ಕೂ ಸಿಮೆಂಟ್ ಕಾಂಕ್ರೀಟು ಬೇಡ. ಗಾಳಿಗುಳ್ಳೆ ತುಂಬಿದ ಗಾಜಿನ ಜಲ್ಲಿ ಹಾಸಿ, ಮೇಲೆ ಸುಣ್ಣದ ಕಾಂಕ್ರೀಟು ಹಾಕಿ, ಅದರಲ್ಲೇ ಬಿಸಿನೀರಿನ ಕೊಳವೆಗಳನ್ನು ಹಾಯಿಸುತ್ತಾರೆ. ತೇವವೂ ಆಡುತ್ತದೆ, ಕಾಲಿಗೂ ಬೆಚ್ಚಗಿರುತ್ತದೆ.

ಬೆಚ್ಚಗಿರಿಸುವುದೇ ಮನೆಯಾದ ಚರ್ಚಿನ ಬಹುದೊಡ್ಡ ಕಷ್ಟ. ಬಿಸಿಗಾಳಿ ಮೇಲಕ್ಕೇರಿ ಚಾವಣಿಯಡಿ ಕೂರುತ್ತದೆ, ಕೆಳಗೆ ಕುಳಿತವರು ಚಳಿಯಲ್ಲಿ ನಡುಗುತ್ತಾರೆ. ಅಷ್ಟು ದೊಡ್ಡ ಅಂಗಣವನ್ನೆಲ್ಲ ಕಾಯಿಸುವುದು ದುಡ್ಡಿಗೂ ದಂಡ, ಪರಿಸರಕ್ಕೂ ದಂಡ. ಕೋಣೆಯೊಳಗೊಂದು ಕೋಣೆ ಕಟ್ಟಿ, ಇರುವಷ್ಟು ಜಾಗವನ್ನು ಮಾತ್ರ ಬೆಚ್ಚಗಿಟ್ಟುಕೊಳ್ಳುವುದೇ ಇದಕ್ಕೆ ಮದ್ದು.

ಎತ್ತರವನ್ನು ಕತ್ತರಿಸುವ ತಪ್ಪು

ಹಣದ ಆಸೆಗೆ ಬಿದ್ದ ಕೆಲವರು ಹೀಗೆ ಕೋಣೆಯೊಳಗೆ ಕೋಣೆ ಕಟ್ಟುವುದಿಲ್ಲ. ಪ್ರಾರ್ಥನಾಂಗಣಕ್ಕೆ ಅಡ್ಡಲಾಗಿ ಎರಡು ಮೂರು ಅಂತಸ್ತು ಹಾಕಿ ಫ್ಲ್ಯಾಟುಗಳಾಗಿ ಮಾರುತ್ತಾರೆ. ಅಲ್ಲಿ ಏನಾಗುತ್ತದೆ ನೋಡಿ. ಚರ್ಚಿನ ಕಿಟಕಿಗಳು ತಲೆಯ ಮೇಲ್ಮಟ್ಟದಿಂದ ಶುರುವಾಗುತ್ತವೆ. ಕುಳಿತವರ ಗಮನ ಹೊರಗಿನ ಬೀದಿಗೆ ಹೋಗದೆ ಬೆಳಕು ಮಾತ್ರ ಇಳಿಯಲಿ ಎಂದು ಹಾಗೆ ಕಟ್ಟಿದ್ದು. ಅಡ್ಡ ಅಂತಸ್ತು ಬಂದಾಗ ಹದಿನೈದು ಅಡಿಯ ಒಂದು ಕಿಟಕಿ ನಡುವಿನಲ್ಲಿ ತುಂಡಾಗುತ್ತದೆ. ಕೆಳಮನೆಯವರಿಗೆ ಚಾವಣಿಗೆ ತಾಗಿದಂತೆ ಒಂದು ಚೂರು ಗಾಜು, ಮೇಲ್ಮನೆಯವರಿಗೆ ನೆಲದಿಂದೆದ್ದ ಕಮಾನಿನ ತುದಿ. ಗಾಜಿನಲ್ಲಿ ಚಿತ್ರಿಸಿದ ಸಂತರ ಪಾದ ಒಬ್ಬರ ಅಡುಗೆಮನೆಯಲ್ಲಿ, ತಲೆ ಇನ್ನೊಬ್ಬರ ಮಲಗುವ ಕೋಣೆಯಲ್ಲಿ. ಹೊರಗಿನಿಂದ ನೋಡಿದರೆ ಕಿಟಕಿಯ ಎದೆಗೆ ಅಡ್ಡಲಾಗಿ ಅಂತಸ್ತಿನ ಗೆರೆ ಕಾಣುತ್ತದೆ.

ಗೋಡೆ, ಗೋಪುರ ಉಳಿದವು ಎಂದು ಹೇಳಿಕೊಳ್ಳಬಹುದು. ಆದರೆ ಚರ್ಚೆಂದರೆ ಒಳಗಿನ ಆ ಬಯಲು. ಕಲ್ಲುಕುಟಿಗರು ಕಂಬ ಎತ್ತಿದ್ದು, ಬಡಗಿಗಳು ತೊಲೆ ಕೂರಿಸಿದ್ದು ಆ ಎತ್ತರವನ್ನು ಹಿಡಿದು ನಿಲ್ಲಿಸುವುದಕ್ಕೆ. ಅದನ್ನು ಕತ್ತರಿಸಿದ ಮೇಲೆ ಉಳಿಯುವುದು ಚರ್ಚಿನ ಮುಖವಾಡ ತೊಟ್ಟ ವಸತಿ ಸಮುಚ್ಚಯ. ಸಂರಕ್ಷಣಾ ಅಧಿಕಾರಿಗಳು ಒಳಗಿನ ಬಯಲನ್ನು ಕಾಪಾಡಿ, ಹೊಸದಾಗಿ ಸೇರಿಸಿದ್ದು ಬಿಚ್ಚಿ ತೆಗೆಯುವಂತಿರಲಿ ಎಂದು ಹಠ ಹಿಡಿಯುವುದು ಇದಕ್ಕೇ. ಆ ಹಠ ನ್ಯಾಯವಾದದ್ದು.

ವೇಲ್ಸ್‌ನ ಚಾಪೆಲ್‌ಗಳಲ್ಲಿ ಈ ಕಷ್ಟ ಕಡಿಮೆ. ಅವು ಉಪದೇಶ ಕೇಳಲೆಂದು ಕಟ್ಟಿದ ಸರಳ ಸಭಾಂಗಣಗಳು. ಎಷ್ಟೋ ಚಾಪೆಲ್‌ಗಳಲ್ಲಿ ಮೂರು ಕಡೆ ಮರದ ಅಟ್ಟಣಿಗೆ ಮೊದಲಿಂದಲೂ ಇರುತ್ತದೆ. ಅಟ್ಟಣಿಗೆಯನ್ನೇ ಮಹಡಿಯಾಗಿಸಿ ನಡುಭಾಗವನ್ನು ತೆರೆದಿಟ್ಟರೆ ಕಟ್ಟಡದ ಗುಣವೂ ಉಳಿಯುತ್ತದೆ, ಮನೆಯೂ ಆಗುತ್ತದೆ.

ಊರಿನ ನೆನಪು ಯಾರ ಪಾಲು?

ಎಷ್ಟೇ ಚೆನ್ನಾಗಿ ಮಾರ್ಪಡಿಸಿದರೂ ಒಂದು ನಷ್ಟ ತಪ್ಪುವುದಿಲ್ಲ. ಚರ್ಚಿನ ಬಾಗಿಲು ಊರಿಗೆಲ್ಲ ತೆರೆದಿದ್ದ ಬಾಗಿಲು. ಮನೆಯ ಬಾಗಿಲು ಹಾಗಲ್ಲ. ಒಳಗೋಡೆಗಳ ಮೇಲೆ ಊರಿನ ಚರಿತ್ರೆಯಿದೆ. ಮೊದಲ ಮಹಾಯುದ್ಧದಲ್ಲಿ ಸತ್ತ ಹಳ್ಳಿಯ ಹುಡುಗರ ಹೆಸರಿನ ಪಟ್ಟಿ, ಒಂದೇ ಮನೆತನದ ಅಣ್ಣತಮ್ಮಂದಿರು ಒಬ್ಬರ ಕೆಳಗೊಬ್ಬರು. ಬ್ರಿಟನ್ನಿನ ಚರ್ಚುಗಳ ಸ್ಮಾರಕ ಫಲಕಗಳಲ್ಲಿ ನಮ್ಮ ಶ್ರೀರಂಗಪಟ್ಟಣದ ಹೆಸರೂ ಕೊರೆದಿದೆ. 1799ರ ಮುತ್ತಿಗೆಯಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳ ನೆನಪಿಗೆ ಹಾಕಿಸಿದವು. ಗೆದ್ದವರ ಮಾತಿನಲ್ಲಿ ಬರೆದಿದ್ದರೂ ಅದು ನಮ್ಮ ಚರಿತ್ರೆಗೂ ಸೇರಿದ ಕಲ್ಲು. ಇಂಥ ಫಲಕಗಳು ಒಬ್ಬರ ಪಡಸಾಲೆಯ ಅಲಂಕಾರವಾಗಿಬಿಟ್ಟರೆ ಊರವರಿಗೂ ಇಲ್ಲ, ಚರಿತ್ರೆ ಓದುವವರಿಗೂ ಇಲ್ಲ.

ಆದ್ದರಿಂದ ನನ್ನ ಮಟ್ಟಿಗೆ ಸಾರ್ವಜನಿಕ ಬಳಕೆಗೇ ಮೊದಲ ಮಣೆ. ಮಾಸ್ಟ್ರಿಕ್ಟ್ ನಗರದ 13ನೇ ಶತಮಾನದ ಡೊಮಿನಿಕನ್ ಚರ್ಚು ಒಂದು ಕಾಲಕ್ಕೆ ಸೈಕಲ್ ಇಡುವ ಜಾಗವಾಗಿತ್ತು. ಈಗ ಅದು ಪುಸ್ತಕದಂಗಡಿ. ಹಳೆಯ ಗೋಡೆಗಳಿಗೆ ನೋವಾಗದಂತೆ ಎತ್ತರದ ಉಕ್ಕಿನ ಪುಸ್ತಕದ ಕಪಾಟು ಒಳಗೆ ಬೇರೆಯಾಗಿ ನಿಂತಿದೆ. ಲಂಡನ್ನಿನ ಬ್ರಿಕ್ ಲೇನ್‌ನಲ್ಲಿ 1743ರಲ್ಲಿ ಫ್ರೆಂಚ್ ಪ್ರಾಟೆಸ್ಟೆಂಟ್ ನಿರಾಶ್ರಿತರು ಕಟ್ಟಿದ ಚರ್ಚು ಆಮೇಲೆ ಮೆಥಡಿಸ್ಟ್ ಚಾಪೆಲ್ ಆಯಿತು, ಯಹೂದಿಗಳ ಸಿನಗಾಗ್ ಆಯಿತು, 1976ರಿಂದ ಮಸೀದಿಯಾಗಿದೆ. ಲೆಸ್ಟರ್ ನಗರದ ಕಾಂಗ್ರಿಗೇಷನಲ್ ಚರ್ಚೊಂದು 1980ರ ದಶಕದಲ್ಲಿ ಜೈನ ಮಂದಿರವಾಯಿತು. ಶ್ವೇತಾಂಬರ, ದಿಗಂಬರ ಎರಡೂ ಪಂಥದವರ ಗುಡಿಗಳು ಅಲ್ಲಿ ಒಂದೇ ಸೂರಿನಡಿ ಇವೆ. ಇಲ್ಲೆಲ್ಲ ಬಾಗಿಲು ತೆರೆದೇ ಇದೆ.

ಆದರೆ ಐವತ್ತು ಮನೆಗಳ ಹಳ್ಳಿಯಲ್ಲಿ ಪುಸ್ತಕದಂಗಡಿ ನಡೆಯುವುದಿಲ್ಲ, ರಂಗಮಂದಿರವೂ ನಡೆಯುವುದಿಲ್ಲ. ಅಲ್ಲಿ ಉಳಿಯುವ ಪ್ರಶ್ನೆ: ಮನೆಯೋ, ಹಾಳುಗೋಡೆಯೋ? ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ಚರ್ಚನ್ನು ನೋಡಿದವರಿಗೆ ಉತ್ತರ ಗೊತ್ತಿದೆ. 19ನೇ ಶತಮಾನದ ಆ ಚರ್ಚು ಹೇಮಾವತಿ ಜಲಾಶಯದ ನೀರಿಗೆ ಸಿಕ್ಕಿ ಜನರನ್ನು ಕಳೆದುಕೊಂಡಿತು. ಕಾರಣ ಬೇರೆ, ಗತಿ ಒಂದೇ. ಚಾವಣಿಯಿಲ್ಲದ ಅದರ ಕಮಾನುಗಳನ್ನು ಫೋಟೊ ತೆಗೆಯಲು ನಾವು ಸಾಲುಗಟ್ಟಿ ಹೋಗುತ್ತೇವೆ, ಅದು ವರ್ಷವರ್ಷವೂ ಶಿಥಿಲವಾಗುತ್ತಿದೆ. ಜನ ಬಿಟ್ಟ ಕಟ್ಟಡವನ್ನು ಮಳೆ ಬಿಡುವುದಿಲ್ಲ. ಒಂದು ಹೆಂಚು ಜಾರಿದಾಗ ಏಣಿ ಹಾಕಿ ಹತ್ತುವವರು, ದೋಣಿಯಲ್ಲಿ ಎಲೆ ಕಟ್ಟಿದಾಗ ಕೈಹಾಕಿ ತೆಗೆಯುವವರು ಒಬ್ಬರಿದ್ದರೆ ಕಟ್ಟಡ ಬದುಕುತ್ತದೆ. ಆ ಒಬ್ಬರು ಅಲ್ಲೇ ವಾಸಿಸುವವರಾದರೆ ಇನ್ನೂ ಒಳ್ಳೆಯದು.

ಹಾಗಾಗಿ ಚರ್ಚು ಮನೆಯಾಗುವುದನ್ನು ಅಪಚಾರವೆಂದು ನಾನು ಭಾವಿಸುವುದಿಲ್ಲ. ಊರಿನ ಕೈಲಾದ ಉಪಾಯಗಳೆಲ್ಲ ಮುಗಿದ ಮೇಲೆ, ಕೆಡವುವ ಯಂತ್ರ ಬರುವ ಮೊದಲು, ಅದು ಗೌರವದ ದಾರಿ. ಆದರೆ ಅನುಮತಿ ಕೊಡುವವರು ಮೂರು ಮಾತು ಕಡ್ಡಾಯ ಮಾಡಬೇಕು. ಒಳಗಿನ ಎತ್ತರಕ್ಕೆ ಅಡ್ಡ ಅಂತಸ್ತು ಬೀಳಬಾರದು. ಹೊಸದಾಗಿ ಸೇರಿಸಿದ್ದೆಲ್ಲ ಬಿಚ್ಚಿ ತೆಗೆಯುವಂತಿರಬೇಕು. ಸಮಾಧಿಗಳಿಗೆ ಮಾತ್ರವಲ್ಲ, ಗೋಡೆಯ ಮೇಲಿನ ಹೆಸರುಗಳಿಗೂ ವರ್ಷದಲ್ಲಿ ಕೆಲವು ದಿನವಾದರೂ ಊರವರಿಗೆ ದಾರಿ ಇರಬೇಕು. ಈ ಮೂರಕ್ಕೂ ಮನಸಾರೆ ಒಪ್ಪುವವರ ಕೈಗೆ ಹಳೆಯ ಚರ್ಚಿನ ಬೀಗದ ಕೈ ಕೊಡಿ. ಒಪ್ಪದವರು ಬೇರೆ ಕಡೆ ಸೈಟು ನೋಡಿಕೊಳ್ಳಲಿ.